ಕೊಪ್ಪಳದಿಂದ ಕೇಳಿದಂತೆ: ಧಾರವಾಡ ಮತ್ತು ಕಲಬುರಗಿ ಆಕಾಶವಾಣಿಯ ಮಧ್ಯಮ ತರಂಗ ಸೇವೆ

ಕೊಪ್ಪಳ ಜಿಲ್ಲೆಗೆ ತನ್ನದೇ ಆದ ಮಧ್ಯಮ ತರಂಗದ, ಅಂದರೆ ಎಎಂ ಬ್ಯಾಂಡಿನ, ಬಾನುಲಿ ಕೇಂದ್ರವಿಲ್ಲ. ಪಶ್ಚಿಮಕ್ಕೆ ಧಾರವಾಡದ 765 ಕಿಲೋಹರ್ಟ್ಸ್, ಉತ್ತರಕ್ಕೆ ದೂರದ ಕಲಬುರಗಿಯ 1107 ಕಿಲೋಹರ್ಟ್ಸ್, ತುಂಗಭದ್ರೆಯ ಆಚೆ ದಂಡೆಗೆ ಹೊಸಪೇಟೆಯ ಎಫ್‌ಎಂ 100.5 ಇವೆ. ಹೀಗೆ ಮೂರು ಕೇಂದ್ರಗಳ ಅಂಚಿನಲ್ಲಿ ಕೂತಿರುವ ನಮಗೆ ರೇಡಿಯೊ ಎಂದರೆ ಮೊದಲಿನಿಂದಲೂ ಪಕ್ಕದ ಸೀಮೆಯ ರೇಡಿಯೊ. ಮೊಬೈಲಿನಲ್ಲಿ ಎಲ್ಲವೂ ಸಿಗುವ ಈ ಕಾಲದಲ್ಲಿ, ಎಎಂ ಬ್ಯಾಂಡ್ ಇರುವ ಸೆಟ್ಟೊಂದನ್ನು ಮನೆಯಲ್ಲೋ ಹೊಲದಲ್ಲೋ ಇಟ್ಟುಕೊಂಡು ಧಾರವಾಡ, ಕಲಬುರಗಿ ಕೇಂದ್ರಗಳನ್ನು ಕೇಳುವುದರಿಂದ ಏನು ಪ್ರಯೋಜನ ಎಂದು ಕೇಳುವವರಿಗಾಗಿ ಈ ವಿಮರ್ಶೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಾತು, ಬೇಸಾಯ ಮತ್ತು ಹಿಂದೂಸ್ತಾನಿ ಗಾಯನ ಈ ಮೂರರಲ್ಲಿ ಒಂದರ ಮೇಲಾದರೂ ನಿಮಗೆ ಆಸ್ಥೆ ಇದ್ದರೆ ಧಾರವಾಡವನ್ನು ಬಿಡಬಾರದು. ಕಲಬುರಗಿಯನ್ನು ನಮ್ಮ ಜಿಲ್ಲೆಯಲ್ಲಿ ಕೇಳಲು ಒಳ್ಳೆಯ ಸೆಟ್ಟೂ ಸ್ವಲ್ಪ ತಾಳ್ಮೆಯೂ ಬೇಕು. ಚಿತ್ರಗೀತೆ ಮಾತ್ರ ಸಾಕು ಎನ್ನುವವರು ಇದಕ್ಕಾಗಿ ದುಡ್ಡು ಹಾಕುವ ಅಗತ್ಯವಿಲ್ಲ.

ಈ ಕೇಂದ್ರಗಳ ಕಾರ್ಯಕ್ರಮಗಳ ಸ್ವಭಾವ ಅರ್ಥವಾಗಬೇಕಾದರೆ ಅವು ಹುಟ್ಟಿದ ಕಾಲವನ್ನು ನೋಡಬೇಕು. ಕನ್ನಡನಾಡಿನ ಮೊದಲ ಬಾನುಲಿ ಕೇಂದ್ರವನ್ನು ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದರು. ಅದರ ಪ್ರೇಷಕದ (ಟ್ರಾನ್ಸ್‌ಮಿಟರಿನ) ಸಾಮರ್ಥ್ಯ ಕೇವಲ 30 ವ್ಯಾಟ್. ಇಂದು ಮನೆಯಲ್ಲಿ ಉರಿಯುವ ಒಂದು ಹಳೆಯ ಬಲ್ಬಿಗಿಂತಲೂ ಕಡಿಮೆಯಾದ ಆ ಶಕ್ತಿಯ ಧ್ವನಿ ಕೊಪ್ಪಳದವರೆಗೆ ಬರುವ ಮಾತೇ ಇರಲಿಲ್ಲ. ಆಗ ಕೊಪ್ಪಳವೂ ರಾಯಚೂರೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ಅದೇ ಮೂವತ್ತರ ದಶಕದಲ್ಲಿ ಸಂಸ್ಥಾನದ ರೇಡಿಯೊ ಬಂತಾದರೂ ಅದರ ಮುಖ್ಯ ಭಾಷೆ ಉರ್ದು. ಬಳ್ಳಾರಿಯವರಿಗೆ ಆಡಳಿತದ ಊರು ಮದ್ರಾಸ್. ಅಲ್ಲಿ 1938ರಲ್ಲಿ ಅಖಿಲ ಭಾರತ ರೇಡಿಯೊ ಕೇಂದ್ರ ತೆರೆಯಿತು, ಆದರೆ ಅದರ ಕಿವಿ ತಮಿಳು ಮತ್ತು ತೆಲುಗಿನ ಕಡೆಗೆ ಇದ್ದದ್ದು ಸಹಜ. ಇಂದು ಮೂರು ಅಕ್ಕಪಕ್ಕದ ಜಿಲ್ಲೆಗಳೆನಿಸಿಕೊಂಡಿರುವ ನಾವು ಅಂದು ಎರಡು ಬೇರೆ ಬೇರೆ ಸರ್ಕಾರಗಳ ಬಾನುಲಿಗಳ ಕೆಳಗೆ ಕೂತಿದ್ದೆವು, ಎರಡರಲ್ಲೂ ಕನ್ನಡ ಮನೆಯ ಭಾಷೆಯಾಗಿರಲಿಲ್ಲ.

1950ರ ಜನವರಿ 8ರಂದು ಧಾರವಾಡ ಕೇಂದ್ರ ಪ್ರಸಾರ ಆರಂಭಿಸಿತು. ಆಗ ಕೇಂದ್ರ ಸರ್ಕಾರದ ವಾರ್ತಾ ಮತ್ತು ಪ್ರಸಾರ ಖಾತೆ ಇದ್ದದ್ದು ಧಾರವಾಡ ಸೀಮೆಯವರೇ ಆದ ಆರ್.ಆರ್. ದಿವಾಕರರ ಕೈಯಲ್ಲಿ. ಆ ಹೊತ್ತಿಗೆ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು, ಕೊಪ್ಪಳ ಹೈದರಾಬಾದ್ ರಾಜ್ಯದಲ್ಲಿತ್ತು, ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರಿನಲ್ಲಿ, ಉಳಿದವರೆಲ್ಲ ಒಂದಾದದ್ದು 1956ರ ನವೆಂಬರಿನಲ್ಲಿ. ಆಡಳಿತದ ಗಡಿಗಳು ಅಳಿಯಲು ಇನ್ನೂ ಆರು ವರ್ಷ ಇರುವಾಗಲೇ ಬಾನುಲಿಯಲ್ಲಿ ಉತ್ತರ ಕರ್ನಾಟಕದ ಕನ್ನಡಕ್ಕೆ ಒಂದು ಕೇಂದ್ರ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ; ಏಕೀಕರಣದ ಇತಿಹಾಸ ಬರೆಯುವವರು ಸಭೆಗಳನ್ನೂ ಠರಾವುಗಳನ್ನೂ ಲೆಕ್ಕ ಹಾಕುವಷ್ಟು ಶ್ರದ್ಧೆಯಿಂದ ಈ ಪ್ರೇಷಕವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದು ನನ್ನ ದೂರು. ಹೈದರಾಬಾದ್ ಕರ್ನಾಟಕಕ್ಕೆ ತನ್ನದೇ ಕೇಂದ್ರ ಬರಲು 1966ರವರೆಗೆ ಕಾಯಬೇಕಾಯಿತು. ಆ ವರ್ಷ ಕಲಬುರಗಿ ಆಕಾಶವಾಣಿ ಶುರುವಾಯಿತು.

ಧಾರವಾಡ ಕೇಂದ್ರದ ಹೆಸರಿಗೆ ತೂಕ ಬಂದದ್ದು ಅಲ್ಲಿ ಕೆಲಸ ಮಾಡಿದವರಿಂದ. ದ.ರಾ. ಬೇಂದ್ರೆಯವರು ಸೊಲ್ಲಾಪುರದ ಅಧ್ಯಾಪನದಿಂದ ನಿವೃತ್ತರಾದ ಮೇಲೆ ಈ ಕೇಂದ್ರದ ಸಲಹೆಗಾರರಾಗಿದ್ದರು. ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದರು. ‘ಎನ್ಕೆ’ ಎಂದೇ ಹೆಸರಾದ ಎನ್.ಕೆ. ಕುಲಕರ್ಣಿಯವರು ಇಲ್ಲಿ ನಾಟಕ, ರೂಪಕಗಳ ಮೇಲೆ ದುಡಿದರು. ಕವಿಯೊಬ್ಬ, ಗಾಯಕನೊಬ್ಬ, ಹಾಸ್ಯದ ಕಣ್ಣುಳ್ಳ ಲೇಖಕನೊಬ್ಬ ಒಂದೇ ಕಟ್ಟಡದಲ್ಲಿ ಸಂಬಳಕ್ಕೆ ಕೂತರೆ ಬರುವ ಕಾರ್ಯಕ್ರಮಗಳ ಮಟ್ಟ ಹೇಗಿರಬಹುದೋ ಹಾಗೆಯೇ ಇತ್ತು ಎಂದು ಹಿರಿಯರು ಹೇಳುತ್ತಾರೆ. ಸುತ್ತ ಮೂವತ್ತು ಹರದಾರಿಯೊಳಗೆ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್, ಧಾರವಾಡದಲ್ಲಿ ಬಸವರಾಜ ರಾಜಗುರು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಇದ್ದ ಕಾಲವದು. ಧ್ವನಿಮುದ್ರಿಕೆ ಕೊಳ್ಳಲು ದುಡ್ಡಿಲ್ಲದ, ಕಛೇರಿಗೆ ಹೋಗಲು ಬಸ್ಸಿಲ್ಲದ ಹಳ್ಳಿಯವನಿಗೂ ಇವರ ಕಂಠ ಪರಿಚಯವಾದದ್ದು ಪಂಚಾಯತಿ ಕಟ್ಟೆಯ ರೇಡಿಯೊದಿಂದ.

ಇಲ್ಲಿ ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಕಡೆ ಹಾರ್ಮೋನಿಯಂ ಇಲ್ಲದ ಊರಿಲ್ಲ. ಭಜನಾ ಮಂಡಳಿಗೂ ಬೇಕು, ಕಂಪನಿ ನಾಟಕಕ್ಕೂ ಬೇಕು, ಬಯಲಾಟಕ್ಕೂ ಬೇಕು. ತತ್ವಪದ ಹಾಡುವವರು ಅದರ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಿರುಗುತ್ತಾರೆ. ಅದೇ ಹಾರ್ಮೋನಿಯಂ 1940ರಿಂದ ಎಪ್ಪತ್ತರ ದಶಕದ ಆರಂಭದವರೆಗೆ ಅಖಿಲ ಭಾರತ ರೇಡಿಯೊದಲ್ಲಿ ನಿಷಿದ್ಧವಾಗಿತ್ತು. ಅದರ ಸ್ವರಗಳು ಸ್ಥಿರ, ಭಾರತೀಯ ಸಂಗೀತದ ಗಮಕ, ಮೀಂಡುಗಳು ಅದರಲ್ಲಿ ಬರುವುದಿಲ್ಲ ಎಂಬುದು ಕೊಟ್ಟ ಕಾರಣ. ವಾದದಲ್ಲಿ ಸತ್ಯವಿಲ್ಲದಿಲ್ಲ. ಆದರೆ ಧಾರವಾಡ ಕೇಂದ್ರದ ಮೊದಲ ಎರಡು ದಶಕಗಳ ಜಾನಪದ ಮತ್ತು ಭಕ್ತಿ ಸಂಗೀತವು ಊರಿನ ಗುಡಿಯಲ್ಲಿ ಕೇಳಿಬರುತ್ತಿದ್ದ ರೂಪದಲ್ಲಿ ಬಾನುಲಿಯಲ್ಲಿ ಕೇಳಿಬರಲು ಸಾಧ್ಯವೇ ಇರಲಿಲ್ಲ ಎಂಬುದನ್ನು ಈ ನಿಷೇಧದಿಂದಲೇ ಊಹಿಸಬಹುದು. ದಿವಾಕರರ ನಂತರ 1952ರಲ್ಲಿ ಖಾತೆಗೆ ಬಂದ ಬಿ.ವಿ. ಕೇಸ್ಕರ್ ಅವರು ಚಿತ್ರಗೀತೆಗಳನ್ನೂ ಹೊರಗಿಟ್ಟರು. ಜನ ಚಿತ್ರಗೀತೆ ಹಾಕುತ್ತಿದ್ದ ರೇಡಿಯೊ ಸಿಲೋನ್ ಕಡೆಗೆ ಮುಳ್ಳು ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಆಕಾಶವಾಣಿಯ ಪ್ರಾಥಮಿಕ ಕೇಂದ್ರಗಳಿಗೆ ಇಂದಿಗೂ ಅಂಟಿಕೊಂಡಿರುವ ಒಂದು ಬಗೆಯ ಬಿಗುವಿಗೆ ಬೇರು ಈ ವರ್ಷಗಳಲ್ಲಿದೆ. ಅದೇ ವರ್ಷಗಳು ಶಾಸ್ತ್ರೀಯ ಸಂಗೀತಕ್ಕೆ ಕೊಟ್ಟ ಸಮಯವೂ ಅಷ್ಟೇ ದೊಡ್ಡದು. 1952ರಲ್ಲಿ ಆರಂಭವಾದ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಆ ಕಾಲದ ಕೊಡುಗೆಯೇ.

ದಿನದ ಕಾರ್ಯಕ್ರಮಗಳ ಕ್ರಮ ಹೊಸಬರಿಗೆ ಹಳೆಯದೆನಿಸಬಹುದು. ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರ ಮುಂಬಯಿಯಲ್ಲಿದ್ದಾಗ ಶಿವರಂಜನಿ ರಾಗದ ಛಾಯೆಯಲ್ಲಿ ರಚಿಸಿದ, ಪ್ರಸಾರದ ಆರಂಭಕ್ಕೆ ಬರುವ ಆ ಸಂಕೇತ ವಾದ್ಯ, ವಂದೇ ಮಾತರಂ, ಭಕ್ತಿಗೀತೆ, ಚಿಂತನ, ವಾರ್ತೆ, ಪ್ರದೇಶ ಸಮಾಚಾರ, ಆಮೇಲೆ ಭಾವಗೀತೆಯೋ ಚಿತ್ರಗೀತೆಯೋ, ಮಧ್ಯಾಹ್ನ ಮಹಿಳೆಯರಿಗೆ, ಸಂಜೆ ಯುವವಾಣಿ ಮತ್ತು ರೈತರಿಗೆ, ರಾತ್ರಿ ಭಾಷಣ, ನಾಟಕ, ಶಾಸ್ತ್ರೀಯ ಗಾಯನ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ, ಆದರೆ ಗಡಿಯಾರ ನೋಡದೆ ಹೊತ್ತು ತಿಳಿಯುವಷ್ಟು ನಿಯತವಾಗಿದೆ. ಭಕ್ತಿಗೀತೆಗಳಲ್ಲಿ ವಚನ, ದಾಸರ ಪದ ಮತ್ತು ತತ್ವಪದಗಳಿಗೆ ಸಿಗುವ ಜಾಗ ಖಾಸಗಿ ಎಫ್‌ಎಂಗಳಲ್ಲಿ ಸಿಗುವುದಿಲ್ಲ. ಮಾನ್ವಿ ಸೀಮೆಯ ವಿಜಯದಾಸರು, ಜಗನ್ನಾಥದಾಸರ ಕೀರ್ತನೆಯನ್ನೂ ಕಡಕೋಳ ಮಡಿವಾಳಪ್ಪನವರ ಪದವನ್ನೂ ಒಂದೇ ಬೆಳಗಿನಲ್ಲಿ ಕೇಳಬಹುದಾದ ಮಾಧ್ಯಮ ಬೇರೆ ಯಾವುದಿದೆ ಎಂದು ಯೋಚಿಸಿದರೆ ನನಗೆ ಉತ್ತರ ಹೊಳೆಯುವುದಿಲ್ಲ.

ನಾನು ಹೆಚ್ಚಿನ ಅಂಕ ಕೊಡುವುದು ಕೃಷಿ ಕಾರ್ಯಕ್ರಮಗಳಿಗೆ, ಅದರಲ್ಲೂ ಭಾಷಣಕ್ಕಲ್ಲ, ಫೋನ್ ಇನ್‌ಗೆ. ಬರೆದು ಓದುವ ಭಾಷಣದಲ್ಲಿ ‘ಸಮಗ್ರ ಪೀಡೆ ನಿರ್ವಹಣಾ ಕ್ರಮಗಳನ್ನು ಅನುಸರಿಸತಕ್ಕದ್ದು’ ಎಂಬಂಥ ವಾಕ್ಯಗಳು ಬರುತ್ತವೆ. ಇದು ಯಾವುದೋ ಒಂದು ಕೇಂದ್ರದ ದೋಷವಲ್ಲ, ಬಾನುಲಿಯ ಕೃಷಿ ಭಾಷಣ ಎಂಬ ಪ್ರಕಾರದ್ದೇ ದೋಷ. ರೈತ ಫೋನಿನಲ್ಲಿ ಬಂದ ಕೂಡಲೇ ಭಾಷೆ ಬದಲಾಗುತ್ತದೆ. ಹಿಂಗಾರಿನಲ್ಲಿ, ಯಲಬುರ್ಗಾ, ಕುಕನೂರು ಭಾಗದ ಎರೆಹೊಲದಲ್ಲಿ ಕಡಲೆ ಮೊಣಕಾಲೆತ್ತರಕ್ಕೆ ಬಂದಿರುವಾಗ ಕೇಳಬರುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ: ‘ನಮಸ್ಕಾರ್ರೀ ಸರ, ಕಡ್ಲಿ ಅಲ್ಲೊಂದು ಇಲ್ಲೊಂದು ಒಣಗಾಕ ಹತ್ತೈತ್ರಿ, ನೀರಿಲ್ಲಂತ ಅಲ್ರಿ.’ ವಿಜ್ಞಾನಿ ತಕ್ಷಣ ಔಷಧದ ಹೆಸರು ಹೇಳುವುದಿಲ್ಲ. ‘ಒಂದು ಗಿಡ ಕಿತ್ತು ಕಾಂಡ ಉದ್ದಕ ಸೀಳಿ ನೋಡ್ರಿ, ಒಳಗ ಕಂದುಗೆರಿ ಐತೇನು?’ ಎಂದು ಕೇಳುತ್ತಾರೆ. ಐತ್ರಿ ಎಂದರೆ ಅದು ಸೊರಗು ರೋಗ, ಮಣ್ಣಿನಲ್ಲಿರುವ ಶಿಲೀಂಧ್ರದಿಂದ ಬರುವಂಥದ್ದು. ಒಣಗಿದ ಗಿಡ ಮತ್ತೆ ಏಳುವುದಿಲ್ಲ, ಮೇಲೆ ಸಿಂಪಡಿಸಿ ಫಲವಿಲ್ಲ, ಮುಂದಿನ ವರ್ಷ ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಉಪಚಾರ ಮಾಡಿ, ರೋಗ ತಡೆಯುವ ಜೆಜಿ-11ರಂಥ ತಳಿ ಹಾಕಿ, ಅದೇ ಹೊಲಕ್ಕೆ ವರ್ಷ ವರ್ಷವೂ ಕಡಲೆಯನ್ನೇ ಬಿತ್ತದೆ ಜೋಳಕ್ಕೆ ಬದಲಿಸಿ ಎಂಬ ಉತ್ತರ ಬರುತ್ತದೆ. ಇಲ್ಲಿ ಉಳಿದದ್ದು ಒಂದು ಡಬ್ಬಿ ಕ್ರಿಮಿನಾಶಕದ ದುಡ್ಡು. ಗೊಬ್ಬರದಂಗಡಿಯಲ್ಲಿ ಇದೇ ಪ್ರಶ್ನೆ ಕೇಳಿದ್ದರೆ ಕಾಂಡ ಸೀಳಿ ನೋಡಲು ಹೇಳುವವರು ಎಷ್ಟು ಜನ ಸಿಕ್ಕಾರು? ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ 1986ರಿಂದಲೂ ಇರುವುದು, ರಾಯಚೂರಿನಲ್ಲಿ ಈಗ ಇನ್ನೊಂದು ಇರುವುದು ಈ ಭಾಗದ ಕೇಂದ್ರಗಳ ಭಾಗ್ಯ; ಮಾತನಾಡಬಲ್ಲ ತಜ್ಞರಿಗೆ ಕೊರತೆಯಿಲ್ಲ.

ಇದರಲ್ಲಿ ನಮ್ಮ ಜಿಲ್ಲೆಗೆ ಒಂದು ತೊಡಕಿದೆ. ಧಾರವಾಡದ ಮಳೆ ಬೇರೆ, ನಮ್ಮ ಮಳೆ ಬೇರೆ. ಅಲ್ಲಿನ ಮಲೆನಾಡಿನ ಸೆರಗಿನ ಭತ್ತಕ್ಕೆ ಹೇಳಿದ್ದು ಗಂಗಾವತಿಯ ಕಾಲುವೆ ಕೆಳಗಿನ ಸೋನಾ ಮಸೂರಿಗೆ ಹೊಂದುವುದಿಲ್ಲ. ತುಂಗಭದ್ರಾ ಅಣೆಕಟ್ಟೆಯ ನೀರಿನ ಮಟ್ಟ, ಎಡದಂಡೆ ಕಾಲುವೆಗೆ ನೀರು ಬಿಡುವ ದಿನ, 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾದಂಥ ಸಂದರ್ಭ ಇವುಗಳಿಗೆ ಹೊಸಪೇಟೆಯೇ ನಮ್ಮ ಹತ್ತಿರದ ಬಾನುಲಿ ಊರು. ಕೊಪ್ಪಳ, ಗಂಗಾವತಿ ಪಟ್ಟಣಗಳಲ್ಲಿ ಇರುವವರು 100.5 ಅನ್ನು ಮೊದಲು ನೋಡಿ, ಅದು ಸ್ಪಷ್ಟವಾಗಿಯೂ ಇದೆ. ಆದರೆ ಎಫ್‌ಎಂ ಅಲೆಗಳು ನೇರ ದೃಷ್ಟಿಯ ದಾರಿಯಲ್ಲಿ ಓಡುವಂಥವು. ದೂರ ಹೋದಂತೆ, ನಡುವೆ ಗುಡ್ಡ ಬಂದಂತೆ ಸೊರಗುತ್ತವೆ. ಕುಷ್ಟಗಿಯ ಆಚೆಯ ಹಳ್ಳಿಗೆ ಮಧ್ಯಮ ತರಂಗವೇ ಹೆಚ್ಚು ನಂಬಿಕೆಯದು.

ಕಲಬುರಗಿಯ ವಿಷಯ ಬೇರೆ. ಧಾರವಾಡದ ಪ್ರೇಷಕ 200 ಕಿಲೋವ್ಯಾಟಿನದು, ಕಲಬುರಗಿಯದು 20 ಕಿಲೋವ್ಯಾಟಿನದು. ಹತ್ತರಲ್ಲಿ ಒಂದು ಪಾಲು ಶಕ್ತಿಯ ಜೊತೆಗೆ, ಕೊಪ್ಪಳದಿಂದ ಧಾರವಾಡಕ್ಕೆ ಇರುವುದಕ್ಕಿಂತ ಕಲಬುರಗಿಗೆ ದೂರವೂ ಹೆಚ್ಚು. ಮಧ್ಯಮ ತರಂಗದಲ್ಲಿ ತರಂಗದೂರ ಹೆಚ್ಚಿದ್ದಷ್ಟೂ ನೆಲದ ಮೇಲಿನ ಓಟ ಸುಲಭ. ಧಾರವಾಡದ್ದು ಸುಮಾರು 392 ಮೀಟರ್, ಕಲಬುರಗಿಯದು ಸುಮಾರು 271 ಮೀಟರ್. ಮೂರೂ ಲೆಕ್ಕದಲ್ಲಿ ಧಾರವಾಡಕ್ಕೇ ಅನುಕೂಲ. ಹೀಗಾಗಿ ಕಲಬುರಗಿ ಕೇಂದ್ರ ನಿಜಕ್ಕೂ ಸ್ಥಳೀಯ ಎನ್ನಬಹುದಾದ ಸಣ್ಣ ಕೇಂದ್ರ. ಅದರ ಗುಣವೂ ಅದೇ. ಅಲ್ಲಿನ ತೊಗರಿ, ಅಲ್ಲಿನ ಉರ್ದು ಬೆರೆತ ಮಾತು, ಮೊಹರಂ ಪದ, ಶರಣರ ಜಾತ್ರೆ, ಸೂಫಿ ದರ್ಗಾಗಳ ಉರುಸು ಇವೆಲ್ಲ ರಾಯಚೂರು, ಲಿಂಗಸುಗೂರು ಭಾಗದ ಕೇಳುಗರಿಗೆ ಧಾರವಾಡದ ಭಾಷೆಗಿಂತ ಹತ್ತಿರ. ‘ರೀ’ ಎಲ್ಲಿ ಸೇರುತ್ತದೆ, ‘ಹತ್ತೈತಿ’ ಎಲ್ಲಿ ‘ಹತ್ಯಾದ’ ಆಗುತ್ತದೆ ಎಂಬುದನ್ನು ಎರಡು ಕೇಂದ್ರಗಳ ನಡುವೆ ಮುಳ್ಳು ತಿರುಗಿಸಿದರೆ ಸಾಕು, ಕಿವಿಗೇ ಗೊತ್ತಾಗುತ್ತದೆ. ನಾಟಕ ಮತ್ತು ರೂಪಕಗಳ ಕಸುಬಿನಲ್ಲಿ ನನ್ನ ಒಲವು ಧಾರವಾಡಕ್ಕೆ, ಜಾನಪದದ ಸಹಜತೆಯಲ್ಲಿ ಕಲಬುರಗಿಗೆ.

ಕೇಳುವ ಅನುಭವದ ಬಗ್ಗೆ ಎರಡು ಮಾತು. ಹಗಲಲ್ಲಿ ವಾತಾವರಣದ ಮೇಲ್ಭಾಗದಲ್ಲಿರುವ ಅಯಾನುಗೋಳದ ಕೆಳಗಿನ ಪದರ ಮಧ್ಯಮ ತರಂಗಗಳನ್ನು ಹೀರಿಕೊಳ್ಳುವುದರಿಂದ ನೆಲವನ್ನು ಹಿಡಿದು ಬರುವ ಅಲೆ ಮಾತ್ರ ಸಿಗುತ್ತದೆ. ಹಸಿ ಎರೆಮಣ್ಣು ಇದಕ್ಕೆ ಅನುಕೂಲ, ಒಣ ಕಲ್ಲುಬಂಡೆಯ ನೆಲ ಪ್ರತಿಕೂಲ. ನಮ್ಮ ಜಿಲ್ಲೆಯಲ್ಲಿ ಎರಡೂ ಇವೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ಮೇಲಿನ ಪದರದಿಂದ ಪ್ರತಿಫಲಿಸಿದ ಅಲೆಗಳು ನೂರಾರು ಕಿಲೋಮೀಟರ್ ಆಚೆಯಿಂದ ಬಂದು ಬೀಳುತ್ತವೆ. ಆಗ ಬೆಂಗಳೂರಿನ 612, ಚೆನ್ನೈನ 720, ಹೈದರಾಬಾದಿನ 738, ಧಾರವಾಡದ 765, ವಿಜಯವಾಡದ 837 ಒಂದರ ಪಕ್ಕ ಒಂದು ಬರುತ್ತವೆ. ಹಿಂದೊಮ್ಮೆ ನಮ್ಮನ್ನು ಆಳಿದ ಊರುಗಳೆಲ್ಲ ಮುಳ್ಳಿನ ಒಂದು ಬೆರಳಗಲದಲ್ಲಿ ಸಾಲಾಗಿ ನಿಂತಿರುತ್ತವೆ. ಧ್ವನಿಯ ಗುಣಮಟ್ಟದಲ್ಲಿ ಎಎಂ ಬಡವ. ಕೇಂದ್ರಗಳ ನಡುವೆ ಇರುವ ಅಂತರವೇ 9 ಕಿಲೋಹರ್ಟ್ಸ್ ಆದ್ದರಿಂದ ತಂಬೂರದ ಮೇಲಿನ ಝೇಂಕಾರ ಅರ್ಧಕ್ಕೆ ನಿಲ್ಲುತ್ತದೆ. ಆದರೂ ಗಂಡುದನಿಯ ಖಯಾಲಿಗೆ, ಭಾಷಣಕ್ಕೆ, ನಾಟಕಕ್ಕೆ ಅದು ಸಾಕು.

ಇಂದು ಎಎಂಗೆ ನಿಜವಾದ ಶತ್ರು ದೂರವಲ್ಲ, ನಮ್ಮದೇ ಮನೆ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು, ಹೊಲದಲ್ಲಾದರೆ ಪಂಪ್‌ಸೆಟ್ಟಿನ ಸ್ಟಾರ್ಟರು ಎಲ್ಲವೂ ಗೊರಗೊರ ಸದ್ದನ್ನು ಈ ಬ್ಯಾಂಡಿನೊಳಗೆ ಸುರಿಯುತ್ತವೆ. ಕರೆಂಟು ಹೋದಾಗಲೇ ಧಾರವಾಡ ತಿಳಿಯಾಗಿ ಕೇಳುತ್ತದೆ ಎಂಬುದು ನಮ್ಮಲ್ಲಿ ತಮಾಷೆಯೂ ಹೌದು, ವಿಜ್ಞಾನವೂ ಹೌದು. ಸೆಟ್ಟಿನೊಳಗೆ ಅಡ್ಡಲಾಗಿ ಮಲಗಿರುವ ಕಪ್ಪು ಫೆರೈಟ್ ಕಡ್ಡಿಯೇ ಎಎಂನ ಆಂಟೆನಾ. ಮೇಲೆ ಎಳೆಯುವ ಉಕ್ಕಿನ ಕಡ್ಡಿ ಎಫ್‌ಎಂನಂಥ ಬೇರೆ ಬ್ಯಾಂಡುಗಳಿಗೆ. ಆದ್ದರಿಂದ ಕಡ್ಡಿ ಎಳೆದು ಪ್ರಯೋಜನವಿಲ್ಲ, ಸೆಟ್ಟನ್ನೇ ನಿಧಾನವಾಗಿ ತಿರುಗಿಸಬೇಕು. ಕೊಪ್ಪಳದಲ್ಲಿ ಸೆಟ್ಟಿನ ಅಗಲದ ಮುಖ ಪಡುವಣಕ್ಕೆ ಬಂದರೆ ಧಾರವಾಡ ಗಟ್ಟಿಯಾಗುತ್ತದೆ. ಸದ್ದು ಮಾಡುವ ಬಲ್ಬಿನ ಕಡೆಗೆ ಸೆಟ್ಟಿನ ತುದಿ ಇದ್ದರೆ ಆ ಸದ್ದು ಇಳಿಯುತ್ತದೆ.

ಸೆಟ್ಟು ಕೊಳ್ಳುವಾಗ ಎಚ್ಚರ ಬೇಕು. ಪೇಟೆಯ ಒಂದು ಅಂಗಡಿಯಲ್ಲಿ ‘ಎಫ್‌ಎಂ ಐತಲ್ರಿ, ಎಎಂ ಯಾರ್ ಕೇಳ್ತಾರ್ರಿ ಈಗ’ ಎಂದು ಬ್ಲೂಟೂತ್ ಪೆಟ್ಟಿಗೆಯನ್ನೇ ಮುಂದಿಟ್ಟರು. ಅದರಲ್ಲಿ ಮಧ್ಯಮ ತರಂಗವೇ ಇರಲಿಲ್ಲ. ಪೆಟ್ಟಿಗೆಯ ಮೇಲೆ ‘ರೇಡಿಯೊ’ ಎಂದು ಬರೆದಿದ್ದರೆ ಸಾಲದು. ಆನ್‌ಲೈನಿನಲ್ಲಿ ಸಿಗುವ ಕೆಲವು ಡಿಜಿಟಲ್ ಸೆಟ್ಟುಗಳು ಅಮೆರಿಕದ ಪದ್ಧತಿಯಂತೆ 10 ಕಿಲೋಹರ್ಟ್ಸ್ ಹೆಜ್ಜೆಯಲ್ಲಿ ಓಡುತ್ತವೆ. ನಮ್ಮದು 9ರ ಹೆಜ್ಜೆ. ಅಂಥ ಸೆಟ್ಟು 760ಕ್ಕೆ ನಿಂತು 770ಕ್ಕೆ ಜಿಗಿಯುತ್ತದೆ, 765 ನಡುವೆ ತಪ್ಪಿಹೋಗುತ್ತದೆ. 9ಕ್ಕೆ ಬದಲಿಸುವ ವ್ಯವಸ್ಥೆ ಇದೆಯೇ ಎಂದು ಕೇಳಿ ಕೊಳ್ಳಬೇಕು. ನನ್ನನ್ನು ಕೇಳಿದರೆ ತಿರುಗುಣಿಯ, ದೊಡ್ಡ ಸ್ಪೀಕರಿನ, ಸೆಲ್ಲಿನ ಮೇಲೆ ನಡೆಯುವ ಸಾದಾ ಸೆಟ್ಟೇ ಹೊಲಕ್ಕೆ ಮೇಲು. ಒಂದು ಜೊತೆ ದೊಡ್ಡ ಸೆಲ್ಲು ಹಾಕಿದರೆ ವಾರಗಟ್ಟಲೆ ಚಿಂತೆಯಿಲ್ಲ, ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಶುಲ್ಕ ಕಟ್ಟುವ ಹಳೆಯ ಕಾಟವಂತೂ ಎಂಬತ್ತರ ದಶಕದಲ್ಲೇ ತೊಲಗಿದೆ.

ಮೊಬೈಲಿನ ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಆಕಾಶವಾಣಿಯ ಕೇಂದ್ರಗಳು ಗೊರಗೊರ ಇಲ್ಲದೆ ಸಿಗುವಾಗ ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಿಗ್ನಲ್ ಇರುವ ಪಟ್ಟಣದ ಮನೆಯಲ್ಲಿ, ಸಂಗೀತವನ್ನು ಗಮನವಿಟ್ಟು ಕೇಳುವವರಿಗೆ ನಾನೂ ಆ್ಯಪನ್ನೇ ಸೂಚಿಸುತ್ತೇನೆ. ಆದರೆ ಕಳೆ ತೆಗೆಯುವ ನಾಲ್ಕು ಜನ ಹೆಣ್ಣುಮಕ್ಕಳು ಬದುವಿನ ಮೇಲಿಟ್ಟ ಒಂದೇ ಸೆಟ್ಟನ್ನು ಡೇಟಾ ಖರ್ಚಿಲ್ಲದೆ ಕೇಳುವ ಅನುಕೂಲ ಆ್ಯಪಿನಲ್ಲಿಲ್ಲ. ದೇಶದಲ್ಲಿ ಮಧ್ಯಮ ತರಂಗದ ಹಲವು ಪ್ರೇಷಕಗಳನ್ನು ಒಂದೊಂದಾಗಿ ನಿಲ್ಲಿಸಿ ಎಫ್‌ಎಂ ಕಡೆಗೆ ಹೊರಳುತ್ತಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಳೆಯ ಪ್ರೇಷಕಗಳು ವಿದ್ಯುತ್ತು ತಿನ್ನುತ್ತವೆ, ಬಿಡಿಭಾಗ ಸಿಗುವುದಿಲ್ಲ ಎಂಬ ಲೆಕ್ಕ ಸುಳ್ಳಲ್ಲ. ಅದಕ್ಕೆ ಬದಲಾಗಿ ಕೊಪ್ಪಳದಂಥ ಜಿಲ್ಲೆಗೆ, ಅದರಲ್ಲೂ ಯಲಬುರ್ಗಾ, ಕುಷ್ಟಗಿ ತಾಲೂಕುಗಳನ್ನು ಪೂರ್ತಿ ಮುಟ್ಟುವ ಎಫ್‌ಎಂ ಮೊದಲು ಬರಬೇಕು, ಅದರಲ್ಲಿ ಬೆಂಗಳೂರಿನ ಮರುಪ್ರಸಾರವಲ್ಲದೆ ಇಲ್ಲಿಯದೇ ಕೃಷಿ ಫೋನ್ ಇನ್ ಇರಬೇಕು. ಅಲ್ಲಿಯವರೆಗೆ 765ನ್ನು ಮುಟ್ಟಬಾರದು. ಸದ್ಯ ಸೆಟ್ಟು ಕೊಳ್ಳಲು ಹೊರಟವರು ಹಗಲು ಹೊತ್ತಿನಲ್ಲೇ ಹೋಗಿ, ಅಂಗಡಿಯ ದೀಪಗಳಿಂದ ದೂರ, ಹೊರಗಿನ ಕಟ್ಟೆಯ ಮೇಲಿಟ್ಟು ಧಾರವಾಡ ಹಚ್ಚಿ ನೋಡಿ. ಹಗಲಿನಲ್ಲಿ ತಿಳಿಯಾಗಿ ಮಾತನಾಡುವ ಸೆಟ್ಟನ್ನು ತೆಗೆದುಕೊಳ್ಳಿ. ರಾತ್ರಿ ಎಲ್ಲ ಸೆಟ್ಟುಗಳೂ ಚೆನ್ನಾಗಿಯೇ ಹಾಡುತ್ತವೆ.